ಅತಿಥಿಯ ಮರ್ಯಾದೆ, ಮನೆಯವನ ಪಾಲು

ಪರಸ್ಥಳಕ್ಕೆ ಹೋದವನಿಗೆ ಅಲ್ಲಿ ಎರಡು ಬಗೆಯ ಸ್ಥಾನಗಳು ದೊರೆಯಬಹುದು. ಒಂದು ಅತಿಥಿಯದು, ಇನ್ನೊಂದು ಮನೆಯವನದು. ಅತಿಥಿಗೆ ಮಣೆ ಹಾಕಿ ಮೊದಲು ಬಡಿಸುತ್ತಾರೆ. ಅವನು ಮಾತಿನಲ್ಲಿ ತಪ್ಪಿದರೂ ತಿದ್ದದೆ ನಕ್ಕು ಸುಮ್ಮನಾಗುತ್ತಾರೆ. ಆದರೆ ಅಡಿಗೆಯ ಮನೆಯ ಹೊಸ್ತಿಲನ್ನು ಅವನು ದಾಟುವ ಹಾಗಿಲ್ಲ. ಮನೆಯವನಿಗಾದರೋ ಈ ಉಪಚಾರಗಳಾವುವೂ ಇಲ್ಲ. ಅವನು ಇದ್ದುದನ್ನು ಉಣ್ಣಬೇಕು, ಬಂದ ಕೆಲಸವನ್ನು ಹಂಚಿಕೊಳ್ಳಬೇಕು, ತಪ್ಪಿದಾಗ ಬೈಸಿಕೊಳ್ಳಬೇಕು. ಅವನಿಗಿರುವುದು ಪಾಲು, ಆಸ್ತಿಯಲ್ಲಿ ಪಾಲು, ಆಲೋಚನೆಯಲ್ಲಿ ಪಾಲು, ಕಷ್ಟಸುಖಗಳಲ್ಲಿ ಪಾಲು. ಉದರನಿರ್ವಾಹಕ್ಕಾಗಿ ದೇಶಾಂತರ ಹೋದ ಮನುಷ್ಯನ ಬಾಳೆಲ್ಲ ಈ ಎರಡು ಸ್ಥಾನಗಳ ನಡುವಣ ದಾರಿಯಲ್ಲಿ ಸವೆಯುತ್ತದೆ. ಮರ್ಯಾದೆಯನ್ನು ಬಿಡದೆ ಪಾಲು ಬರುವುದಿಲ್ಲ. ಮರ್ಯಾದೆಯನ್ನು ಬಿಟ್ಟಮೇಲೆಯೂ ಪಾಲು ಬಾರದೆ ಹೋಗುವುದುಂಟು.

ಈ ಭೇದವು ಎಲ್ಲ ದೇಶಗಳಲ್ಲಿಯೂ ಇದೆಯಾದರೂ ಜಪಾನಿನಲ್ಲಿ ಇದ್ದಷ್ಟು ಸ್ಪಷ್ಟವಾಗಿ ಬೇರೆಡೆಯಲ್ಲಿರುವುದು ಅಪರೂಪ. ಅಲ್ಲಿಯ ಭಾಷೆಯಲ್ಲಿ ಅತಿಥಿಗೂ ಅಂಗಡಿಯ ಗಿರಾಕಿಗೂ ಒಂದೇ ಶಬ್ದ, ಅದು ‘ಕ್ಯಾಕು’. ಬಾಗಿಲಿಗೆ ಬಂದ ಕ್ಯಾಕುವಿಗೆ ಜಪಾನೀಯರು ತೋರಿಸುವ ವಿನಯವನ್ನು ಕಂಡು ಪ್ರವಾಸಿಗಳೆಲ್ಲರೂ ಬೆರಗಾಗಿ ಹೊಗಳಿದ್ದಾರೆ. ಆ ಹೊಗಳಿಕೆ ಸುಳ್ಳಲ್ಲ. ಆದರೆ ಅತಿಥಿಯಾಗಿ ಮೂರು ವಾರ ಇದ್ದು ಬರುವುದು ಬೇರೆ, ಅಲ್ಲಿ ಕೆಲಸ ಹುಡುಕಿ ಮನೆಮಾಡಿ ಮಕ್ಕಳನ್ನು ಬೆಳಸುವುದು ಬೇರೆ. ಎರಡನೆಯ ದಾರಿಯನ್ನು ಹಿಡಿದವರ ಚರಿತ್ರೆಯನ್ನು ನೋಡಿದರೆ, ಆ ಸಮಾಜವು ಹೊರಗಿನವನನ್ನು ಎಲ್ಲಿಯವರೆಗೆ ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಅದಕ್ಕೆ ಯಾವ ಬೆಲೆಯನ್ನು ಕೇಳುತ್ತದೆ ಎಂಬುದು ತಿಳಿಯುತ್ತದೆ.

1868ರಲ್ಲಿ ಮೇಜಿ ಯುಗವು ಮೊದಲಾದ ಮೇಲೆ ಜಪಾನು ಪಾಶ್ಚಾತ್ಯ ವಿದ್ಯೆಗಳನ್ನು ಬೇಗಬೇಗನೆ ಕಲಿಯಲು ಹೊರಟಿತು. ಕಲಿಸುವವರನ್ನು ಇಂಗ್ಲೆಂಡು, ಜರ್ಮನಿ, ಫ್ರಾನ್ಸು, ಅಮೆರಿಕಗಳಿಂದ ಕರೆಸಿಕೊಂಡಿತು. ರೈಲು, ದೀಪಸ್ತಂಭ, ಆಸ್ಪತ್ರೆ, ಸೈನ್ಯ, ನ್ಯಾಯಶಾಸ್ತ್ರ ಇವುಗಳೊಂದೊಂದಕ್ಕೂ ಪರದೇಶದ ಪಂಡಿತರು ಬಂದರು. ಇವರಿಗೆ ‘ಓಯಾತೊಯ್’ ಎಂದು ಹೆಸರು. ಕೂಲಿಗೆ ಹಿಡಿದವರು ಎಂಬ ಮಾತಿಗೆ ಮುಂದೆ ಒಂದು ಗೌರವದ ಅಕ್ಷರವನ್ನು ಸೇರಿಸಿದರೆ ಈ ಶಬ್ದವಾಗುತ್ತದೆ. ಸಂಬಳವೂ ಹೆಸರಿಗೆ ತಕ್ಕಂತೆಯೇ ಇದ್ದಿತು. ಒಸಾಕಾ ನಗರದ ಹೊಸ ಟಂಕಸಾಲೆಯ ಮೇಲ್ವಿಚಾರಣೆಗೆ ಬಂದ ಥಾಮಸ್ ಕಿಂಡರನಿಗೆ ತಿಂಗಳಿಗೆ 1045 ಯೆನ್. ಆ ಕಾಲದಲ್ಲಿ ರಾಜ್ಯದ ಮುಖ್ಯಮಂತ್ರಿ ಪದವಿಯಲ್ಲಿದ್ದ ಸಾಂಜೋ ಸಾನೆತೊಮಿಗೆ 800 ಯೆನ್. ಮಂತ್ರಿಗಿಂತ ಹೆಚ್ಚಾಗಿ ಕೂಲಿಯವನಿಗೆ ಕೊಟ್ಟ ಈ ಲೆಕ್ಕವನ್ನು ಔದಾರ್ಯವೆಂದು ತಿಳಿಯಬಾರದು. ಕಲಿಯುವುದು ಮುಗಿದ ದಿನ ಕಲಿಸಿದವನು ಹೊರಡಬೇಕೆಂಬುದು ಕರಾರಿನಲ್ಲಿಯೇ ಅಡಗಿದ್ದಿತು. ಬೇಗ ಕಳುಹಿಸಬೇಕಾದವನಿಗೆ ಚೆನ್ನಾಗಿ ಕೊಟ್ಟು ಕಳುಹಿಸುವುದು ಅತಿಥಿಧರ್ಮ. ಅತ್ತ ಪರದೇಶೀಯರಿಗೂ ಒಳಗೆ ಬರುವ ಹಂಬಲವಿರಲಿಲ್ಲ. 1899ರ ವರೆಗೆ ಅವರು ಯೋಕೊಹಾಮಾ, ಕೋಬೆ ಮೊದಲಾದ ರೇವುಗಳಲ್ಲಿ ತಮಗೆಂದು ಬಿಟ್ಟುಕೊಟ್ಟ ಕೇರಿಗಳಲ್ಲಿ ವಾಸಿಸುತ್ತ, ತಮ್ಮ ತಮ್ಮ ರಾಯಭಾರಿಗಳ ನ್ಯಾಯಸ್ಥಾನಗಳಿಗೆ ಮಾತ್ರ ಅಧೀನರಾಗಿ, ಒಳನಾಡಿಗೆ ಹೋಗಬೇಕಾದರೆ ರಹದಾರಿಯನ್ನು ಪಡೆದು ಹೋಗುತ್ತಿದ್ದರು. ಇಬ್ಬರಿಗೂ ಹೊಸ್ತಿಲು ಒಪ್ಪಿಗೆಯಾಗಿದ್ದಿತು.

ಹೊಸ್ತಿಲನ್ನು ದಾಟಿದವನೊಬ್ಬನು 1890ರ ಏಪ್ರಿಲ್ ತಿಂಗಳಲ್ಲಿ ಯೋಕೊಹಾಮಾದಲ್ಲಿ ಹಡಗಿನಿಂದ ಇಳಿದನು. ಅವನ ಹೆಸರು ಲಾಫ್ಕಾಡಿಯೋ ಹರ್ನ್. ತಂದೆ ಐರ್ಲೆಂಡಿನವನು, ಸೈನ್ಯದ ವೈದ್ಯ, ತಾಯಿ ಗ್ರೀಸಿನವಳು. 1850ರಲ್ಲಿ ಲೆಫ್ಕಾಡಾ ಎಂಬ ದ್ವೀಪದಲ್ಲಿ ಹುಟ್ಟಿದ ಮಗುವನ್ನು ಎರಡು ವರ್ಷದಲ್ಲಿ ಡಬ್ಲಿನ್ನಿಗೆ ತಂದರು. ತಾಯಿ ಬಿಟ್ಟುಹೋದಳು, ತಂದೆ ಬೇರೆ ಮದುವೆಯಾದನು, ಸಾಕಿದ ಮುದುಕಿಯ ಹಣ ಕರಗಿತು. ಪಾಠಶಾಲೆಯ ಆಟದ ಬಯಲಿನಲ್ಲಿ ಎಡಗಣ್ಣು ಹೋಯಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಅಮೆರಿಕಕ್ಕೆ ಹೋಗಿ, ಸಿನ್ಸಿನಾಟಿ ಮತ್ತು ನ್ಯೂ ಆರ್ಲಿಯನ್ಸ್ ಪಟ್ಟಣಗಳ ವೃತ್ತಪತ್ರಿಕೆಗಳಲ್ಲಿ ಬರೆದು ಬದುಕಿದನು. ಎಲ್ಲಿಯೂ ಅವನಿಗೆ ಮನೆ ಎಂಬುದು ಇರಲಿಲ್ಲ. ಒಂದು ಮಾಸಪತ್ರಿಕೆಗೆ ಲೇಖನಗಳನ್ನು ಬರೆದುಕೊಡುವೆನೆಂದು ಒಪ್ಪಿ ಜಪಾನಿಗೆ ಬಂದವನು, ಬಂದ ಕೆಲವು ವಾರಗಳಲ್ಲಿಯೇ ಪ್ರಕಾಶಕರೊಡನೆ ಜಗಳಾಡಿ ಆ ಸಂಬಂಧವನ್ನು ಕಡಿದುಕೊಂಡನು. ನಲವತ್ತು ವರ್ಷ ವಯಸ್ಸು, ಒಂದೇ ಕಣ್ಣು, ಭಾಷೆ ಬಾರದ ದೇಶ, ಕೈಯಲ್ಲಿ ಉದ್ಯೋಗವಿಲ್ಲ.

ಇಂತಹವನಿಗೆ ಕೆಲಸ ಸಿಕ್ಕಿದ ರೀತಿ ಗಮನಿಸತಕ್ಕದ್ದು. ತೋಕ್ಯೋ ನಗರದಲ್ಲಿ ಅಧ್ಯಾಪಕನಾಗಿದ್ದ ಬೇಸಿಲ್ ಹಾಲ್ ಚೇಂಬರ್ಲೇನನು ಅವನ ಪರವಾಗಿ ಮಾತನಾಡಿದನು. ಐದಾರು ವರ್ಷಗಳ ಹಿಂದೆ ನ್ಯೂ ಆರ್ಲಿಯನ್ಸಿನ ವಸ್ತುಪ್ರದರ್ಶನಕ್ಕೆ ಬಂದಿದ್ದಾಗ ಹರ್ನನಿಗೆ ಪರಿಚಯವಾಗಿದ್ದ ಹತ್ತೋರಿ ಇಚಿಜೋ ಎಂಬ ಅಧಿಕಾರಿಯು ಈಗ ವಿದ್ಯಾ ಇಲಾಖೆಯಲ್ಲಿದ್ದನು, ಅವನೂ ಸಹಾಯಮಾಡಿದನು. ಪಶ್ಚಿಮ ತೀರದ ಶಿಮಾನೆ ಪ್ರಾಂತದ ಮಾತ್ಸುಯೆ ಎಂಬ ಹಳೆಯ ಕೋಟೆಯೂರಿನ ಮಾಧ್ಯಮಿಕ ಪಾಠಶಾಲೆಯಲ್ಲಿ ಇಂಗ್ಲೀಷು ಕಲಿಸಲು ತಿಂಗಳಿಗೆ 100 ಯೆನ್ನಿನ ಮೇಲೆ ಅವನನ್ನು ನೇಮಿಸಿದರು. ಜಪಾನಿನಲ್ಲಿ ವಿದ್ಯೆ ಒಬ್ಬನ ಯೋಗ್ಯತೆಯನ್ನು ತೋರಿಸುತ್ತದೆ. ಬಾಗಿಲನ್ನು ತೆರೆಯುವುದು ಇನ್ನೊಬ್ಬನ ಮಾತು. ‘ಇವನಿಗೆ ನಾನು ಹೊಣೆ’ ಎನ್ನುವವನಿಲ್ಲದೆ ಅಲ್ಲಿ ನೌಕರಿಯಾಗಲಿ ಬಾಡಿಗೆಯ ಮನೆಯಾಗಲಿ ಸುಲಭವಾಗಿ ಸಿಕ್ಕದು. ಅಂದಿನಂತೆ ಇಂದಿಗೂ ಈ ಜಾಮೀನಿನ ಪದ್ಧತಿ ಪೂರ್ತಿಯಾಗಿ ಅಳಿದಿಲ್ಲ.

ಮಾತ್ಸುಯೆಯಲ್ಲಿ ಹರ್ನನು ಮೊದಲು ಒಂದು ವಸತಿಗೃಹದಲ್ಲಿದ್ದನು. ಊರಿನವರು ಅವನ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿ ‘ಹೆರುನ್’ ಎಂದು ಕರೆದರು. ನಿಶಿದಾ ಸೆಂತಾರೋ ಎಂಬ ಸಹೋದ್ಯೋಗಿಯು ಅವನಿಗೆ ಕಣ್ಣೂ ಕಿವಿಯೂ ಆಗಿ ನಡೆಸಿಕೊಂಡನು. ಆ ವರ್ಷದ ಚಳಿಗಾಲವು ಬಹು ಕಠಿನವಾಗಿದ್ದಿತು. 1891ರ ಆದಿಯಲ್ಲಿ, ಒಂಟಿಯಾಗಿದ್ದ ಈ ಉಪಾಧ್ಯಾಯನ ಮನೆಯನ್ನು ನೋಡಿಕೊಳ್ಳಲು ಕೊಯಿಜುಮಿ ಸೆತ್ಸು ಎಂಬ ಇಪ್ಪತ್ತಮೂರು ವರ್ಷದ ತರುಣಿಯು ಬಂದಳು. ಅವಳದು ಸಾಮುರಾಯ್ ಮನೆತನ. 1876ರಲ್ಲಿ ಸಾಮುರಾಯರಿಗೆ ಬರುತ್ತಿದ್ದ ವಂಶಪಾರಂಪರ್ಯದ ಧಾನ್ಯದ ಉಂಬಳಿಯನ್ನು ಸರ್ಕಾರವು ನಿಲ್ಲಿಸಿಬಿಟ್ಟ ಮೇಲೆ ಅಂತಹ ಎಷ್ಟೋ ಮನೆಗಳು ಕತ್ತಿಯನ್ನೂ ಕಿಮೊನೊಗಳನ್ನೂ ಮಾರಿ ಬದುಕಬೇಕಾಯಿತು. ಸೆತ್ಸು ಚಿಕ್ಕಂದಿನಿಂದ ಮಗ್ಗದ ಮುಂದೆ ಕುಳಿತು ದುಡಿದವಳು. ಮದುವೆಯಾದ ಗಂಡನು ಬಿಟ್ಟುಹೋಗಿದ್ದನು. ಹೀಗೆ ಮನೆಯಿಲ್ಲದವನೊಬ್ಬನೂ ಮನೆತನವಿದ್ದು ಅನ್ನವಿಲ್ಲದವಳೊಬ್ಬಳೂ ಕೂಡಿದರು.

ಇಬ್ಬರಿಗೂ ಸಾಮಾನ್ಯವಾದ ಭಾಷೆಯಿರಲಿಲ್ಲ. ಅವರು ತಮ್ಮದೇ ಒಂದನ್ನು ಮಾಡಿಕೊಂಡರು. ಮನೆಯವರು ಅದಕ್ಕೆ ‘ಹೆರುನ್ ಸಾನನ ಮಾತು’ ಎಂದು ಹೆಸರಿಟ್ಟರು. ಅದು ವಿಭಕ್ತಿ ಪ್ರತ್ಯಯಗಳಿಲ್ಲದ, ಕ್ರಿಯಾಪದಗಳ ರೂಪಭೇದಗಳಿಲ್ಲದ ಜಪಾನೀ ಭಾಷೆ. ‘ನಾನು ಪೇಟೆಗೆ ಹೋಗಿ ಪುಸ್ತಕವನ್ನು ತಂದೆನು’ ಎನ್ನುವ ಬದಲು ‘ನಾನು ಪೇಟೆ ಹೋಗು ಪುಸ್ತಕ ತರು’ ಎಂದು ಕನ್ನಡದಲ್ಲಿ ಆಡಿದರೆ ಹೇಗೋ ಹಾಗೆ. ಈ ಮುರುಕು ಮಾತಿನಲ್ಲಿಯೇ ಸೆತ್ಸು ರಾತ್ರಿಯ ವೇಳೆ ಅವನಿಗೆ ಹಳೆಯ ಕಥೆಗಳನ್ನು ಹೇಳುತ್ತಿದ್ದಳು. ಪುಸ್ತಕವನ್ನು ನೋಡಿ ಓದಿದರೆ ಅವನು ಒಪ್ಪುತ್ತಿರಲಿಲ್ಲ. ಅವಳ ಮಾತಿನಲ್ಲಿ, ಅವಳ ಭಾವನೆಯಲ್ಲಿ ಬರಬೇಕೆಂದು ಕೇಳುತ್ತಿದ್ದನು. ಅವಳು ಮುಂದೆ ಬರೆಯಿಸಿದ ನೆನಪುಗಳಲ್ಲಿ ಇದನ್ನು ಹೇಳಿಕೊಂಡಿದ್ದಾಳೆ. 1904ರಲ್ಲಿ ಪ್ರಕಟವಾದ ‘ಕ್ವೈದಾನ್’ ಎಂಬ ಭೂತಪ್ರೇತಗಳ ಕಥಾಸಂಗ್ರಹವು ಹುಟ್ಟಿದ್ದು ಇಂತಹ ರಾತ್ರಿಗಳಲ್ಲಿ. ಇಂದು ಜಪಾನೀಯರು ತಮ್ಮ ಕಥೆಗಳೆಂದು ಮಕ್ಕಳಿಗೆ ಓದಿಸುವ ಗ್ರಂಥವು, ವಿಭಕ್ತಿಯಿಲ್ಲದ ಮಾತಿನಲ್ಲಿ ಹೆಂಡತಿ ಹೇಳಿ, ಇಂಗ್ಲೀಷಿನಲ್ಲಿ ಗಂಡ ಬರೆದದ್ದು.

1891ರ ನವೆಂಬರಿನಲ್ಲಿ ಅವನು ಕುಮಾಮೊತೊ ಊರಿನ ಸರ್ಕಾರೀ ಪಾಠಶಾಲೆಗೆ 200 ಯೆನ್ ಸಂಬಳಕ್ಕೆ ಹೋದನು. ಸೆತ್ಸುವಿನ ಸಾಕುತಂದೆತಾಯಿಗಳೂ ಅಜ್ಜನೂ ಜೊತೆಗೆ ಬಂದರು. ಹುಟ್ಟಿದಂದಿನಿಂದ ಯಾರಿಗೂ ಬೇಡವಾಗಿದ್ದವನ ದುಡಿಮೆಯನ್ನು ನೆಚ್ಚಿಕೊಂಡು ಈಗ ಒಂದು ಮನೆಯೇ ನಿಂತಿತು. 1893ರಲ್ಲಿ ಮೊದಲ ಮಗ ಹುಟ್ಟಿದನು. ಆಗ ಹರ್ನನ ಮನಸ್ಸಿನಲ್ಲಿ ಒಂದು ಭಯ ಎದ್ದಿತು: ತಾನು ಸತ್ತರೆ ಇವರ ಗತಿಯೇನು?

ಆ ಭಯಕ್ಕೆ ಶಾಸನದಲ್ಲಿ ಕಾರಣವಿದ್ದಿತು. 1873ರ ರಾಜಾಜ್ಞೆಯಂತೆ, ಪರದೇಶದವನನ್ನು ಮದುವೆಯಾದ ಜಪಾನೀ ಸ್ತ್ರೀಯು ಜಪಾನೀ ಪ್ರಜೆಯೆಂಬ ಸ್ಥಾನವನ್ನು ಕಳೆದುಕೊಳ್ಳುತ್ತಿದ್ದಳು. ಮದುವೆಯನ್ನು ಅವನು ಇಂಗ್ಲೀಷರ ಕ್ರಮದಲ್ಲಿ ದಾಖಲು ಮಾಡಿಸಿದರೆ ಸೆತ್ಸು ತನ್ನ ಊರಿನಲ್ಲಿಯೇ ಪರದೇಶದವಳಾಗುವಳು. ಪರದೇಶದವರಿಗೆ ಆಗ ಅಲ್ಲಿ ಭೂಮಿಯ ಮೇಲೆ ಒಡೆತನವಿರಲಿಲ್ಲ. ದಾಖಲು ಮಾಡಿಸದೆ ಬಿಟ್ಟರೆ ಅವನ ಗಳಿಕೆಯು ಇಂಗ್ಲೆಂಡು ಐರ್ಲೆಂಡುಗಳಲ್ಲಿದ್ದ, ಅವನನ್ನು ಎಂದೂ ನೋಡಿಕೊಳ್ಳದಿದ್ದ ಬಂಧುಗಳಿಗೆ ಸೇರಬಹುದು. ಉಳಿದದ್ದು ಒಂದೇ ದಾರಿ. ಪರದೇಶದ ಗಂಡಸನ್ನು ಜಪಾನೀ ಮನೆತನವೊಂದು ತನ್ನೊಳಗೆ ತೆಗೆದುಕೊಂಡರೆ ಅವನು ಜಪಾನೀ ಪ್ರಜೆಯಾಗುತ್ತಿದ್ದನು. ಕನ್ನಡಿಗರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ, ಅವನು ಮನೆಯಳಿಯನಾಗಬೇಕು.

ಮನೆಯಳಿಯನ ಸ್ಥಾನವು ಜಪಾನಿನಲ್ಲಿಯೂ ಕನ್ನಡ ನಾಡಿನಲ್ಲಿರುವಂತೆಯೇ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಸ್ಥಾನ. ಮೂರು ಅಳತೆ ಅಕ್ಕಿಯ ತೌಡು ಇರುವವನು ಮನೆಯಳಿಯನಾಗಿ ಹೋಗಬಾರದೆಂದು ಅಲ್ಲಿಯ ಗಾದೆ. ಅನ್ನಕ್ಕೆ ಗತಿಯಿಲ್ಲದಿದ್ದರೂ ತೌಡನ್ನಾದರೂ ತಿಂದು ಸ್ವತಂತ್ರನಾಗಿರು ಎಂದು ಅದರ ಅರ್ಥ. ಆದರೂ 1896ರ ಫೆಬ್ರವರಿಯಲ್ಲಿ ಹರ್ನನು ಕೊಯಿಜುಮಿ ಮನೆತನದ ದಫ್ತರದಲ್ಲಿ ಕೊಯಿಜುಮಿ ಯಾಕುಮೊ ಎಂದು ಹೆಸರು ಬರೆಯಿಸಿಕೊಂಡನು. ಯಾಕುಮೊ ಎಂದರೆ ಎಂಟು ಮಡಿಯ ಮೋಡಗಳು. ಮಾತ್ಸುಯೆ ಇರುವ ಇಜುಮೊ ಸೀಮೆಗೆ ಅನಾದಿಯಿಂದ ಬಂದ ವಿಶೇಷಣ. ಜಪಾನಿನಲ್ಲಿ ಒಬ್ಬನು ಜನಿಸಿದ್ದು, ಮದುವೆಯಾದದ್ದು, ಸತ್ತದ್ದು ಎಲ್ಲವೂ ‘ಕೋಸೆಕಿ’ ಎಂಬ ಈ ಮನೆತನದ ದಫ್ತರದಲ್ಲಿ ಸೇರುತ್ತದೆ. ಅದರಲ್ಲಿ ಹೆಸರಿದ್ದವನು ಒಳಗಿನವನು. ಇಲ್ಲದವನು ಎಷ್ಟು ವರ್ಷವಿದ್ದರೂ ಹೊರಗಿನವನು. ಹರ್ನನು ಒಳಗೆ ಬಂದನು.

ಬಂದಮೇಲೆ ಲೆಕ್ಕ ಮೊದಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೋಕ್ಯೋ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲೀಷು ಸಾಹಿತ್ಯವನ್ನು ಬೋಧಿಸಲು ಅವನಿಗೆ ತಿಂಗಳಿಗೆ 400 ಯೆನ್ನಿನ ಮೇಲೆ ಕೆಲಸ ದೊರೆಯಿತು. ಅದು ಓಯಾತೊಯ್‌ಗಳಿಗೆ ಸಲ್ಲುತ್ತಿದ್ದ ಸಂಬಳ. ಅವನನ್ನು ಕರೆತಂದ ತೋಯಾಮಾ ಮಾಸಾಕಾಜು ಇರುವವರೆಗೆ ತೊಂದರೆಯಾಗಲಿಲ್ಲ. 1900ರಲ್ಲಿ ಅವನು ತೀರಿಕೊಂಡನು. ಆಮೇಲೆ ಹರ್ನನ ಸ್ಥಾನ ಯಾವುದೆಂಬ ಪ್ರಶ್ನೆ ಮೇಲೆದ್ದಿತು. ಜಪಾನೀ ಪ್ರಜೆಯಾದವನು ಜಪಾನೀಯನ ಸಂಬಳಕ್ಕೆ ಒಪ್ಪಬೇಕಲ್ಲವೆ ಎಂಬ ವಾದವು ಅವನ ವಿರುದ್ಧ ನಿಂತಿತೆಂದು ಅವನ ಚರಿತ್ರಕಾರರು ಹೇಳಿದ್ದಾರೆ. 1903ರ ಜನವರಿಯಲ್ಲಿ, ಮಾರ್ಚಿ ತಿಂಗಳ ಕೊನೆಗೆ ಕರಾರು ಮುಗಿಯುವುದೆಂದು ಅವನಿಗೆ ಒಂದು ಕಾಗದ ಬಂದಿತು. ಶಿಷ್ಯರು ಪ್ರತಿಭಟಿಸಿದರು. ಆಗ ವಿಶ್ವವಿದ್ಯಾನಿಲಯದವರು ಗಂಟೆಗಳನ್ನೂ ಸಂಬಳವನ್ನೂ ತಗ್ಗಿಸಿ ಉಳಿಸಿಕೊಳ್ಳುವೆವೆಂದರು, ಅವನು ಒಪ್ಪಲಿಲ್ಲ. ಅವನ ಸ್ಥಾನಕ್ಕೆ ಬಂದ ಮೂವರಲ್ಲಿ ಒಬ್ಬನು ಸರ್ಕಾರದ ವೇತನದಿಂದ ಇಂಗ್ಲೆಂಡಿನಲ್ಲಿ ಎರಡು ವರ್ಷ ಓದಿ ಆಗತಾನೆ ಹಿಂದಿರುಗಿದ್ದ ನಾತ್ಸುಮೆ ಸೋಸೆಕಿ. ಮುಂದೆ ಜಪಾನಿನ ಶ್ರೇಷ್ಠ ಕಾದಂಬರಿಕಾರನೆಂದು ಹೆಸರಾದ ಈತನಿಗೆ ಆ ಕೆಲಸಕ್ಕೆ ವರ್ಷಕ್ಕೆ 800 ಯೆನ್. ಹರ್ನನ ಎರಡು ತಿಂಗಳ ಸಂಬಳವು ಸೋಸೆಕಿಯ ಒಂದು ವರ್ಷದ ಸಂಬಳ.

ಈ ಲೆಕ್ಕವನ್ನು ನೋಡಿದವನು ವಿಶ್ವವಿದ್ಯಾನಿಲಯವನ್ನು ಮಾತ್ರ ದೂರಲಾರನು. ಬಡದೇಶವೊಂದು ತನ್ನ ಮಕ್ಕಳನ್ನು ಓದಿಸಿ ತಂದು, ಆರನೆಯ ಒಂದು ಪಾಲು ವೆಚ್ಚದಲ್ಲಿ ಅದೇ ಪಾಠವನ್ನು ಹೇಳಿಸುವುದಾದರೆ ಅದನ್ನು ಬೇಡವೆನ್ನುವುದು ಹೇಗೆ? ಅತ್ತ ಹರ್ನನ ದುಃಖವೂ ನ್ಯಾಯವಾದುದೇ. ಅತಿಥಿಯ ಸಂಬಳವು ಮನೆಯವನಿಗೆ ಸಲ್ಲದೆಂದು ಹೇಳಿದವರು, ಮನೆಯವನಿಗೆ ಇರಬೇಕಾದ ಭದ್ರತೆಯನ್ನೂ ಅವನಿಗೆ ಕೊಡಲಿಲ್ಲ. ಏಳು ವರ್ಷ ಬೋಧಿಸಿದವನನ್ನು ಒಂದು ಕಾಗದದಿಂದ ಬಿಡಿಸಿದ್ದು ಓಯಾತೊಯ್‌ಗಳನ್ನು ಬಿಡಿಸುವ ರೀತಿ. ಸಂಬಳ ಕೊಡುವಾಗ ಮನೆಯವನು, ಕಳುಹಿಸುವಾಗ ಅತಿಥಿ. ಅನ್ಯಾಯವು ಇರುವುದು ಸಂಬಳ ಕಡಮೆಯಾದುದರಲ್ಲಿ ಅಲ್ಲ; ಎರಡು ತಕ್ಕಡಿಗಳಲ್ಲಿಯೂ ಅವನು ಹಗುರವಾಗಿ ತೂಗಿದುದರಲ್ಲಿ.

1904ರಲ್ಲಿ ವಾಸೆದಾ ವಿಶ್ವವಿದ್ಯಾನಿಲಯವು ಅವನನ್ನು ಕರೆಯಿತು. ಆದರೆ ಅದೇ ವರ್ಷ ಸೆಪ್ಟೆಂಬರು 26ರಂದು ಎದೆನೋವಿನಿಂದ ತನ್ನ ಮನೆಯಲ್ಲಿ ತೀರಿಕೊಂಡನು. ತೋಕ್ಯೋ ನಗರದ ಜೋಶಿಗಾಯಾ ಸ್ಮಶಾನದಲ್ಲಿ ಅವನ ಸಮಾಧಿಯಿದೆ. 1916ರಲ್ಲಿ ಮಡಿದ ಸೋಸೆಕಿಯದೂ ಅಲ್ಲಿಯೇ ಇದೆ. ಮನೆಯಳಿಯನಾಗಿ ಅವನು ಯಾವುದನ್ನು ಬಯಸಿದ್ದನೋ ಅದು ಮಾತ್ರ ನೆರವೇರಿತು. ಸೆತ್ಸು 1932ರ ವರೆಗೆ ಬದುಕಿದ್ದು ನಾಲ್ವರು ಮಕ್ಕಳನ್ನು ತನ್ನ ದೇಶದಲ್ಲಿ ತನ್ನ ಮನೆತನದ ಹೆಸರಿನಲ್ಲಿಯೇ ಬೆಳಸಿದಳು.

ಹರ್ನನು ಪಾಶ್ಚಾತ್ಯನು, ವಿದ್ಯೆಗಾಗಿ ಕರೆಸಿಕೊಳ್ಳಲ್ಪಟ್ಟವರ ಕಾಲದವನು. ಭಾರತದಿಂದ ಹೋದವನಿಗೆ ಆ ದೇಶವು ಯಾವ ಮುಖವನ್ನು ತೋರಿಸಿತೆಂದು ಕೇಳುವವರು ರಾಸ್ ಬಿಹಾರಿ ಬೋಸರ ಜೀವನವನ್ನು ನೋಡಬೇಕು. 1912ರಲ್ಲಿ ದೆಹಲಿಯಲ್ಲಿ ವೈಸರಾಯ್ ಹಾರ್ಡಿಂಜನ ಮೇಲೆ ಬಾಂಬು ಬಿದ್ದ ಪ್ರಕರಣದಲ್ಲಿಯೂ 1915ರ ದಂಗೆಯ ಸಿದ್ಧತೆಯಲ್ಲಿಯೂ ಪೋಲೀಸರು ಹುಡುಕುತ್ತಿದ್ದ ಬೋಸರು ರವೀಂದ್ರನಾಥ ಠಾಕೂರರ ಬಂಧುವೆಂಬ ವೇಷದಲ್ಲಿ ಜಪಾನನ್ನು ಸೇರಿದರು. ಇಂಗ್ಲೆಂಡಿನೊಡನೆ ಮೈತ್ರಿಯಿದ್ದ ಜಪಾನು ಸರ್ಕಾರವು ಅವರನ್ನು ದೇಶದಿಂದ ಹೊರಡುವಂತೆ ಆಜ್ಞೆಮಾಡಿತು. ಆಗ ತೋಯಾಮಾ ಮಿತ್ಸುರು ಎಂಬ ಪ್ರಭಾವಶಾಲಿಯ ಏರ್ಪಾಟಿನಿಂದ, ಶಿಂಜುಕು ಪೇಟೆಯ ನಾಕಾಮುರಾಯಾ ಎಂಬ ಬ್ರೆಡ್ಡಿನ ಅಂಗಡಿಯ ದಂಪತಿಗಳು, ಸೋಮಾ ಐಜೋ ಮತ್ತು ಕೊಕ್ಕೋ, ಅಂಗಡಿಯ ಹಿಂದೆ ಚಿತ್ರಕಾರರು ಉಪಯೋಗಿಸುತ್ತಿದ್ದ ಕೋಣೆಯಲ್ಲಿ ಅವರನ್ನು ತಿಂಗಳುಗಟ್ಟಲೆ ಅಡಗಿಸಿಟ್ಟರು. ಆಜ್ಞೆ ಹಿಂದೆಗೆಯಲ್ಪಟ್ಟ ಮೇಲೆಯೂ ಅಪಾಯ ಕಳೆಯಲಿಲ್ಲ. ಬೋಸರು ಮನೆಯಿಂದ ಮನೆಗೆ ತಲೆತಪ್ಪಿಸಿಕೊಂಡು ತಿರುಗಬೇಕಾಯಿತು. 1918ರಲ್ಲಿ ಸೋಮಾ ದಂಪತಿಗಳ ಹಿರಿಯ ಮಗಳು ತೋಶಿಕೋ ಅವರನ್ನು ಮದುವೆಯಾಗಿ ಆ ಅಲೆದಾಟದಲ್ಲಿ ಪಾಲುಗಾರಳಾದಳು.

1923ರಲ್ಲಿ ಬೋಸರು ಜಪಾನೀ ಪ್ರಜೆಯಾದರು. ಅಡಗುವ ಕಷ್ಟ ಮುಗಿಯಿತೆನ್ನುವಷ್ಟರಲ್ಲಿ, 1925ರಲ್ಲಿ, ಇಬ್ಬರು ಚಿಕ್ಕ ಮಕ್ಕಳನ್ನು ಬಿಟ್ಟು ತೋಶಿಕೋ ತೀರಿಕೊಂಡಳು. 1927ರಲ್ಲಿ ಮಾವನ ಅಂಗಡಿಯು ಉಪಾಹಾರಗೃಹವನ್ನು ತೆರೆದಾಗ ಅಳಿಯನು ಅಲ್ಲಿ ಭಾರತೀಯ ಕ್ರಮದ ಕರಿಯನ್ನು ಮಾಡಿಸಿದನು. ಇಂಗ್ಲೀಷರ ಕೈಯಿಂದ ಜಪಾನಿಗೆ ಬಂದಿದ್ದ, ಗೋಧಿಹಿಟ್ಟಿನಿಂದ ಗಟ್ಟಿಯಾಗಿಸಿದ ಸಾರು ಭಾರತದ ಅಡಿಗೆಯಲ್ಲವೆಂದು ತೋರಿಸುವುದು ಅವನ ಹಟ. ಮೂಳೆಯೊಡನೆ ಬೆಂದ ಕೋಳಿ, ಹದವರಿತ ಮಸಾಲೆ; ಒಂದು ತಟ್ಟೆಗೆ 80 ಸೆನ್ ಬೆಲೆಯಿಟ್ಟರೂ ಜನರು ತಿಂದರು. ಆ ಅಂಗಡಿಯ ಕರಿ ಇಂದಿಗೂ ಶಿಂಜುಕುವಿನಲ್ಲಿ ದೊರೆಯುತ್ತದೆ. ಅತಿಥಿಯು ದಾಟಲಾರದ ಹೊಸ್ತಿಲು ಅಡಿಗೆಯ ಮನೆಯದಾದರೆ, ಬೋಸರು ಅದನ್ನು ದಾಟಿದರೆಂದು ಹೇಳಬಹುದು.

ಆದರೆ ಅವರು ಕೊಟ್ಟ ಬೆಲೆ ಹರ್ನನದಕ್ಕಿಂತ ಭಾರವಾದುದು. ಆಶ್ರಯವಿತ್ತ ದೇಶದ ಅನ್ನವನ್ನುಂಡವರು ಅದರ ಯುದ್ಧನೀತಿಯನ್ನು ಸಮರ್ಥಿಸಿ ಮಾತನಾಡಬೇಕಾಯಿತು. ತನ್ನ ನಾಡಿನ ದಾಸ್ಯವನ್ನು ದ್ವೇಷಿಸಿದವರು ಪಕ್ಕದ ನಾಡುಗಳ ಮೇಲೆ ಜಪಾನು ಹೇರಿದ ದಾಸ್ಯವನ್ನು ಕಂಡೂ ಅದರ ಪಕ್ಷದಲ್ಲಿಯೇ ನಿಂತರು. 1945ರ ಜನವರಿಯಲ್ಲಿ ಅವರು ಮರಣಹೊಂದಿದರು. ಅದೇ ವರ್ಷ ಓಕಿನಾವಾ ದ್ವೀಪದ ಕಾಳಗದಲ್ಲಿ ಅವರ ಮಗ ಮಾಸಾಹಿದೆ ಜಪಾನೀ ಸೈನಿಕನಾಗಿ ಮಡಿದನು. ಅತಿಥಿಯ ಮಗನನ್ನು ಯಾವ ದೇಶವೂ ಯುದ್ಧಕ್ಕೆ ಕೇಳುವುದಿಲ್ಲ. ಮನೆಯವನ ಪಾಲಿನಲ್ಲಿ ಇದೂ ಸೇರಿದೆ.

ಕನ್ನಡ ನಾಡಿಗೆ ಜಪಾನಿನ ಹೆಸರು ಗೌರವದಿಂದ ಬಂದದ್ದು ಹೆಚ್ಚಾಗಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಮೂಲಕ. ಅವರು 1898ರಲ್ಲಿ ಅಲ್ಲಿಗೆ ಹೋಗಿ ಅದರ ಕೈಗಾರಿಕೆಯನ್ನೂ ವಿದ್ಯಾಭ್ಯಾಸವನ್ನೂ ನೋಡಿ ಬಂದರು. ಹರ್ನನು ತೋಕ್ಯೋದಲ್ಲಿ ಪಾಠ ಹೇಳುತ್ತಿದ್ದ ವರ್ಷಗಳವು. ನೋಡಲು ಹೋದವರು ದೇಶದ ಕಾರ್ಖಾನೆಯನ್ನೂ ಪಾಠಶಾಲೆಯನ್ನೂ ನೋಡುತ್ತಾರೆ. ಇರಲು ಹೋದವರಿಗೆ ಕಾಣುವುದು ದೇಶದ ಮಾತು.

ಮಾತಿನ ವಿಷಯದಲ್ಲಿ ಕನ್ನಡಿಗನಿಗೆ ಹರ್ನನಿಗಿಲ್ಲದ ಒಂದು ಅನುಕೂಲವುಂಟು. ಜಪಾನೀ ವಾಕ್ಯದ ಅನ್ವಯವು ಕನ್ನಡದ ಅನ್ವಯದಂತೆಯೇ ಇದೆ. ‘ನಾನು ನಾಳೆ ತೋಕ್ಯೋಗೆ ಹೋಗುತ್ತೇನೆ’ ಎಂಬುದನ್ನು ಅವರು ‘ವಾತಾಶಿ ವಾ ಆಶಿತಾ ತೋಕ್ಯೋ ನಿ ಇಕಿಮಾಸು’ ಎನ್ನುತ್ತಾರೆ. ಒಂದು ಪದವೂ ಸ್ಥಳ ಬಿಟ್ಟು ಕದಲಿಲ್ಲ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯವು ನಾಮಪದದ ಹಿಂದೆ ಬರುತ್ತದೆ. ಲಿಪಿಯು ಮಾತ್ರ ಕಠಿನ. ನಿತ್ಯವ್ಯವಹಾರಕ್ಕೆಂದು ಸರ್ಕಾರವು 2010ರಲ್ಲಿ ಗೊತ್ತುಮಾಡಿದ ಚೀನೀ ಅಕ್ಷರಗಳೇ 2136. ಆದರೂ ಶ್ರಮಪಟ್ಟರೆ ಅದು ಬರುತ್ತದೆ.

ಶ್ರಮಕ್ಕೆ ಎಟುಕದ ತೊಡಕು ಬೇರೊಂದಿದೆ. ಕನ್ನಡಿಗನು ತನ್ನ ತಂದೆಯನ್ನು ಯಾರ ಮುಂದೆ ಹೆಸರಿಸಿದರೂ ‘ಅವರು’ ಎಂದೇ ಹೇಳುತ್ತಾನೆ; ತನ್ನ ಯಜಮಾನರನ್ನು ಪರರ ಎದುರಿಗೆ ಏಕವಚನದಲ್ಲಿ ಆಡುವುದು ಸಂಸ್ಕಾರಹೀನತೆ. ಜಪಾನೀಯನ ಸಂಸ್ಕಾರ ಇದಕ್ಕೆ ತಿರುಗುಮುರುಗಾದುದು. ಮನೆಯಲ್ಲಿ ತಂದೆಯನ್ನು ‘ಒತೋಸಾನ್’ ಎಂದು ಗೌರವದಿಂದ ಕರೆದವನು ಹೊರಗಿನವರ ಮುಂದೆ ‘ಚಿಚಿ’ ಎನ್ನುತ್ತಾನೆ. ಕಚೇರಿಯಲ್ಲಿ ಮೇಲಧಿಕಾರಿಗೆ ನಡು ಬಗ್ಗಿಸಿದ ಗುಮಾಸ್ತನು, ಹೊರಗಿನವರು ದೂರವಾಣಿಯಲ್ಲಿ ಕೇಳಿದಾಗ, ಅದೇ ಅಧಿಕಾರಿಯ ಹೆಸರಿನ ಕೊನೆಯ ‘ಸಾನ್’ ಎಂಬ ಗೌರವವನ್ನು ಕಿತ್ತುಹಾಕಿ ಬರಿಯ ಹೆಸರನ್ನು ಹೇಳುತ್ತಾನೆ. ಒಳಗಿನವರನ್ನು ಹೊರಗಿನವರ ಮುಂದೆ ಏರಿಸಬಾರದೆಂಬುದು ಅಲ್ಲಿಯ ವಿಧಿ. ಒಳಗಿಗೆ ‘ಉಚಿ’, ಹೊರಗಿಗೆ ‘ಸೊತೊ’ ಎಂದು ಹೆಸರು. ಈ ವಿಧಿಯನ್ನು ತಿಳಿದ ಪರದೇಶೀಯನಿಗೆ ತಾನು ಯಾವ ಕಡೆಯಲ್ಲಿದ್ದೇನೆಂದು ಅಳೆಯುವ ಕೋಲು ಸಿಕ್ಕಿತು. ಸಹೋದ್ಯೋಗಿಗಳು ಹೊರಗಿನವರೊಡನೆ ಮಾತನಾಡುವಾಗ ತನ್ನ ಹೆಸರಿಗೂ ‘ಸಾನ್’ ಸೇರಿಸುತ್ತಿದ್ದರೆ ತಾನಿನ್ನೂ ಅತಿಥಿ. ಯಾವ ದಿನ ಆ ಗೌರವವು ಉದುರಿಹೋಗುತ್ತದೆಯೋ ಆ ದಿನ ತಾನು ಅವರವನು. ಗೌರವ ಹೋದುದಕ್ಕೆ ನೊಂದುಕೊಳ್ಳದೆ ಸಂತೋಷಪಡಬೇಕಾದ ಇಂತಹ ಸಂದರ್ಭಗಳು ಲೋಕದಲ್ಲಿ ಕಡಮೆ.

ಇಂದಿನ ಜಪಾನು ಕರೆಯುತ್ತಿರುವುದು ಪಂಡಿತರನ್ನಲ್ಲ, ಕೈಗಳನ್ನು. ಜನನವು ಇಳಿದು ಮುದುಕರ ಸಂಖ್ಯೆ ಏರಿದ ಆ ದೇಶದಲ್ಲಿ, 2024ರ ಕೊನೆಗೆ ನೆಲೆಸಿದ್ದ ಪರದೇಶೀಯರ ಸಂಖ್ಯೆಯು 37 ಲಕ್ಷವನ್ನು ಮೀರಿದ್ದಿತು. ಸುಮಾರು 2000ನೆಯ ವರ್ಷದಿಂದ ಭಾರತದ ಗಣಕಯಂತ್ರದ ಎಂಜಿನಿಯರುಗಳು ತೋಕ್ಯೋದ ಎದೊಗಾವಾ ಭಾಗದ ನಿಶಿಕಾಸಾಯ್ ಎಂಬಲ್ಲಿ ಬಂದು ನೆಲೆಸಿದರು. ವಿದ್ಯಾವಂತರಾದ ಇವರ ಸ್ಥಿತಿ ಒಂದು ಬಗೆ. ಹೊಲಗಳಲ್ಲಿ, ಮೀನಿನ ಕಾರ್ಖಾನೆಗಳಲ್ಲಿ, ಮನೆಕಟ್ಟುವ ಕೆಲಸಗಳಲ್ಲಿ ದುಡಿಯಲು ಬಂದವರ ಸ್ಥಿತಿ ಇನ್ನೊಂದು ಬಗೆ. 1993ರಲ್ಲಿ ಕೆಲಸ ಕಲಿಯುವವರೆಂಬ ಹೆಸರಿನಿಂದ ಅವರನ್ನು ಕರೆಸುವ ಪದ್ಧತಿಯೊಂದು ಮೊದಲಾಯಿತು. ಕಲಿಯುವವನೆಂದು ಬಂದವನು ಯಜಮಾನನು ಕ್ರೂರಿಯಾದರೂ ಬೇರೆ ಕಡೆಗೆ ಹೋಗುವಂತಿರಲಿಲ್ಲ. ಸಾವಿರಾರು ಮಂದಿ ಹೇಳದೆ ಓಡಿಹೋದರು. ಈ ಪದ್ಧತಿಯನ್ನು ತೆಗೆದು, ನಿಯಮಗಳಿಗೊಳಪಟ್ಟು ಯಜಮಾನನನ್ನು ಬದಲಾಯಿಸಲು ಅವಕಾಶವಿರುವ ಹೊಸ ಪದ್ಧತಿಯನ್ನು ತರುವ ಶಾಸನವು 2024ರಲ್ಲಿ ಅಂಗೀಕೃತವಾಯಿತು. 2019ರಲ್ಲಿ ಮೊದಲಾದ ವಿಶೇಷ ಕುಶಲಕರ್ಮಿಗಳ ರಹದಾರಿಯಲ್ಲಿ ಎರಡು ತರಗತಿಗಳುಂಟು. ಮೊದಲನೆಯ ತರಗತಿಯವನು ಐದು ವರ್ಷ ದುಡಿಯಬಹುದು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಎರಡನೆಯ ತರಗತಿಗೆ ಏರಿದವನು ಕರೆತರಬಹುದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೇಜಿ ಕಾಲದ ಓಯಾತೊಯ್‌ಗೆ ಪಾಲು ಇರದಿದ್ದರೂ ಮರ್ಯಾದೆಯಿದ್ದಿತು. ಹರ್ನನಿಗೂ ಬೋಸರಿಗೂ ಮರ್ಯಾದೆ ಕರಗಿದರೂ ಒಂದು ಮನೆಯಿದ್ದಿತು, ಆ ಮನೆಯ ದಫ್ತರದಲ್ಲಿ ಹೆಸರಿದ್ದಿತು. ಮೊದಲನೆಯ ತರಗತಿಯ ರಹದಾರಿಯಲ್ಲಿ ಬಂದು ಮೀನು ಕೊಯ್ಯುವ ತರುಣನಿಗೆ ಅತಿಥಿಯ ಮಣೆಯೂ ಇಲ್ಲ, ಮನೆಯವನ ಚಾಪೆಯೂ ಇಲ್ಲ. 2017ರಲ್ಲಿ ಅಲ್ಲಿಯ ನ್ಯಾಯ ಇಲಾಖೆಯೇ ಪ್ರಕಟಿಸಿದ ವಿಚಾರಣೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಬಾಡಿಗೆಯ ಮನೆಯನ್ನು ಹುಡುಕಿದ ಪರದೇಶೀಯರಲ್ಲಿ ನೂರಕ್ಕೆ 39 ಮಂದಿ, ಪರದೇಶೀಯರೆಂಬ ಕಾರಣದಿಂದಲೇ ತಮಗೆ ಮನೆ ಇಲ್ಲವೆಂದರೆಂದು ತಿಳಿಸಿದರು. ಕೆಲಸ ಹುಡುಕಿದವರಲ್ಲಿ ನೂರಕ್ಕೆ 25 ಮಂದಿ ಹಾಗೆಯೇ ಹೇಳಿದರು. ಆ ಸಂಖ್ಯೆಗಳನ್ನು ಮುಚ್ಚಿಡದೆ ಸರ್ಕಾರವೇ ಹೊರಗಿಟ್ಟದ್ದು ಒಳ್ಳೆಯ ಲಕ್ಷಣ. 2012ರ ಜುಲೈ ತಿಂಗಳವರೆಗೆ, ಜಪಾನೀ ಹೆಂಡತಿಯೊಡನೆ ಒಂದೇ ಮನೆಯಲ್ಲಿ ಬಾಳುತ್ತಿದ್ದ ಪರದೇಶೀಯ ಗಂಡನ ಹೆಸರು ನಿವಾಸಿಗಳ ಪಟ್ಟಿಯಲ್ಲಿ ಮನೆಯವರ ಸಾಲಿನಲ್ಲಿ ಬರುತ್ತಿರಲಿಲ್ಲ. ಆ ತಿಂಗಳಿನಿಂದ ಬರುತ್ತಿದೆ. ಕೋಸೆಕಿಯಲ್ಲಿ ಅವನಿಗೆ ಇನ್ನೂ ತನ್ನದೊಂದು ಪುಟವಿಲ್ಲ. ಬಾಗಿಲು ಇಷ್ಟಿಷ್ಟೇ ತೆರೆಯುತ್ತಿದೆಯೆಂದು ಹೇಳಬೇಕು.

ಜಪಾನಿಗೆ ಕೆಲಸಕ್ಕೆಂದು ಹೊರಡುವ ತರುಣನು ಅಕ್ಷರಗಳನ್ನು ಕಲಿಯುತ್ತಾನೆ, ಪರೀಕ್ಷೆಗಳನ್ನು ಕೊಡುತ್ತಾನೆ, ಸಂಬಳವೆಷ್ಟೆಂದು ವಿಚಾರಿಸುತ್ತಾನೆ. ಇವೆಲ್ಲವೂ ಬೇಕಾದವೇ. ಇವುಗಳ ಜೊತೆಗೆ ಅವನು ತನ್ನನ್ನು ತಾನು ಕೇಳಿಕೊಳ್ಳಬೇಕಾದುದು, ತನಗೆ ಮರ್ಯಾದೆ ಬೇಕೋ ಪಾಲು ಬೇಕೋ ಎಂಬುದು. ಮರ್ಯಾದೆಯನ್ನು ಬಯಸಿದವನು ದುಡಿದು, ನೋಡಿ, ಹೊಗಳಿ, ಅವಧಿ ಮುಗಿದಾಗ ಸಂತೋಷದಿಂದ ಹಿಂದಿರುಗಲಿ, ಅದರಲ್ಲಿ ಕುಂದಿಲ್ಲ. ಪಾಲನ್ನು ಬಯಸಿದವನು ‘ಸಾನ್’ ಉದುರುವುದನ್ನು ಸಹಿಸಬೇಕು, ತಿದ್ದಿಸಿಕೊಳ್ಳಬೇಕು, ಮನೆಯ ಕಸವನ್ನೂ ಗುಡಿಸಬೇಕು. ಇದರಂತೆಯೇ ಆ ದೇಶವು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ. ಕೈಗಳನ್ನು ಕರೆದರೆ ಅವುಗಳೊಡನೆ ಮನುಷ್ಯನೂ ಬರುತ್ತಾನೆ. ಮನುಷ್ಯನಿಗೆ ಹೆಂಡತಿ ಮಕ್ಕಳುಂಟು. ಅವರಿಗೆ ತಾವು ಇಲ್ಲದ ಮೇಲೆ ಏನಾಗುವುದೆಂಬ ಭಯವುಂಟು. ಆ ಭಯಕ್ಕಾಗಿಯೇ ಹರ್ನನು ತನ್ನ ಹೆಸರನ್ನು ಬಿಟ್ಟುಕೊಟ್ಟನು. ಅತಿಥಿಯ ಮಣೆಯನ್ನು ತೆಗೆದ ಮನೆಯು ಅದೇ ಸ್ಥಳದಲ್ಲಿ ಒಂದು ಎಲೆಯನ್ನು ಹಾಕಬೇಕು. ಮಣೆಯನ್ನು ತೆಗೆದು ಎಲೆಯನ್ನೂ ಹಾಕದಿದ್ದರೆ, ಬಂದವನು ನಿಂತುಕೊಂಡೇ ಇರಬೇಕಾಗುತ್ತದೆ.